ಕನ್ನಡಕದೊಳಗೆ ಕನ್ನಡವೂ ಇರಲಿ

ಮಳೆಗಾಲದ ರಾತ್ರಿ ಗುಡುಗಿತೆಂದರೆ ನಮ್ಮ ಉಮರಗಾ, ನಿಲಂಗಾ, ಉದಗೀರ ಕಡೆ ಮೊದಲು ಹೋಗುವುದು ಕರೆಂಟು. ಊರೆಲ್ಲ ಮನೆಯೊಳಗಿರುವಾಗ ಲೈನ್‌ಮನ್ ಕಂಬ ಹತ್ತುತ್ತಾನೆ. ನಾವು ಕಲಿಸಿದ ಹುಡುಗರೂ ಐಟಿಐ ಮುಗಿಸಿ ಇದೇ ಕೆಲಸಕ್ಕೆ ಹೋಗುತ್ತಾರೆ.

ಪರ್ಮಿಟ್ ತಗೋ, ಲೈನ್ ಬಂದ್ ಮಾಡಿಸು, ಕರೆಂಟು ಇಲ್ಲವೆಂದು ಪರೀಕ್ಷಿಸು, ಅರ್ಥಿಂಗ್ ಕೊಡು, ಆಮೇಲೆ ಕೈ ಹಾಕು. ಇದೆಲ್ಲ ಬಾಯಿಪಾಠ. ಆದರೆ ಕತ್ತಲು, ಮಳೆ, ಡಿಪಿ ಹತ್ತಿರ ಜನರ ಗದ್ದಲ, ಮೇಲಿಂದ ಮೇಲೆ ಫೋನು... ಆಗಲೇ ಒಂದು ಹೆಜ್ಜೆ ಬಿಟ್ಟುಹೋಗುವುದು. ಬಂದ್ ಮಾಡಿದ ಲೈನಿಗೂ ಯಾರದೋ ಜನರೇಟರಿನಿಂದ ಕರೆಂಟು ತಿರುಗಿ ಬರಬಹುದು!

ಗಾಬರಿಯಲ್ಲೂ ಕ್ರಮ ತಪ್ಪಬಾರದೆಂದರೆ ಗಾಬರಿಯಲ್ಲೇ ಅಭ್ಯಾಸ ಆಗಬೇಕು. ವಿಮಾನ ನಡೆಸುವವರು ನೆಲದ ಮೇಲೇ ಕಲಿಯಲೆಂದು ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲೇ ಯಂತ್ರ ಮಾಡಿದ್ದ. ಈಗ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡರೆ ಕಂಬ, ಮಳೆ, ಗದ್ದಲ ಎಲ್ಲ ಕಣ್ಣ ಮುಂದೆ. ತಪ್ಪಿದರೂ ಜೀವ ಹೋಗದು. ಒದ್ದೆ ಕಂಬದ ಜಾರಿಕೆ ಮಾತ್ರ ಅದರಲ್ಲಿ ಸಿಗದು, ಹಗ್ಗ-ಬೆಲ್ಟಿನ ಅಭ್ಯಾಸವೂ ಬೇಕೇ ಬೇಕು.

ನಮ್ಮ ಮಾತು ಇಷ್ಟೇ. ಇಂಥ ತರಬೇತಿ ನಮ್ಮ ಗಡಿಗೆ ಬಂದರೆ ಸೂಚನೆ ಕನ್ನಡದಲ್ಲೂ ಇರಲಿ. ಸಬ್‌ಸ್ಟೇಷನ್ನಿನವರ ಜೊತೆ ಮಾತಾಡಲು ಮರಾಠಿ ಬೇಕು, ಒಪ್ಪೋಣ. ಆದರೆ ಹೆದರಿದಾಗ ನಮ್ಮ ಹುಡುಗರ ಬಾಯಲ್ಲಿ ಬರುವುದು "ಯವ್ವಾ" ಎಂದೇ. ಕಂಬದ ಮೇಲೆ ಅನುವಾದ ಮಾಡಿಕೊಳ್ಳುತ್ತ ಕೂರಲು ಪುರುಸೊತ್ತೆಲ್ಲಿ?

ಅಲ್ಲಿಯವರೆಗೆ, ಗುರುಗಳೇ, ವಿದ್ಯುತ್ ಪಾಠದ ದಿನ ಈ ಐದು ಹೆಜ್ಜೆಗಳನ್ನು ನಾವೇ ಕನ್ನಡದಲ್ಲಿ ಹೇಳಿಕೊಡೋಣ. ಏನಂತೀರಿ?