ನಿಸ್ತಂತು ಜಾಲದ ತೊಡಕೂ ನಮ್ಮ ಬಾಲಿಕೆಯರೂ

ಲ್ಯಾಪ್‌ಟಾಪನ್ನು ಉಪಯೋಗಿಸುವುದನ್ನು ಬಾಲಿಕೆಯರಿಗೆ ಕಲಿಸುವ ವಿಷಯದಲ್ಲಿ ಈಗ ಯಾರಿಗೂ ಆಕ್ಷೇಪಣೆಯಿಲ್ಲ. ಆದರೆ ಅದು ಕೆಟ್ಟು ನಿಂತಾಗ ಕೈಹಾಕಿ ಸರಿಪಡಿಸುವ ಅಧಿಕಾರವನ್ನು ಅವರಿಗೆ ಕೊಡಬಹುದೋ ಕೂಡದೋ ಎಂದು ಕೇಳಿದರೆ ಹಿರಿಯರು ಮೌನ ತಾಳುತ್ತಾರೆ. ಕೊಡಬೇಕೆಂಬುದೇ ನಮ್ಮ ಅಭಿಪ್ರಾಯ. ಅದರ ಕಾರಣಗಳನ್ನು ಒಂದೇ ದೃಷ್ಟಾಂತದಿಂದ, ಎಂದರೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವುಳ್ಳ ಲ್ಯಾಪ್‌ಟಾಪಿನಲ್ಲಿ ವೈಫೈ ಸಂಪರ್ಕವು ನಿಂತುಹೋಗುವ ಸಂಗತಿಯಿಂದ, ವಾಚಕರಿಗೆ ತಿಳಿಸಲು ಯತ್ನಿಸುವೆವು.

ವೈಫೈ ನಿಂತರೆ ಏನು ಮಹಾ ನಷ್ಟವೆಂದು ಕೇಳುವವರುಂಟು. ವಿದ್ಯಾರ್ಥಿವೇತನದ ಅರ್ಜಿಯು ಈಗ ಜಾಲದ ಮೂಲಕವೇ ಸರಕಾರಕ್ಕೆ ಮುಟ್ಟತಕ್ಕದ್ದಾಗಿದೆ. ತೆರಕಣಾಂಬಿಯ ಕಡೆಯಿಂದ ಬಸ್ಸಿನಲ್ಲಿ ಬರುವ ಕೂಲಿಗಾರರ ಮಗಳಿಗೆ ಆ ಹಣವು ಪುಸ್ತಕದ ಹಣ, ಬಟ್ಟೆಯ ಹಣ. ಕಡೆಯ ದಿನದ ಸಾಯಂಕಾಲ ಸಂಪರ್ಕ ನಿಂತರೆ ಮೈಸೂರಿನಿಂದ ರಿಪೇರಿಯವನು ಬರುವ ತನಕ ಕಾಯಲಾಗದು. ಚಾಮರಾಜನಗರಕ್ಕಾದರೆ ರೈಲಾದರೂ ಉಂಟು. ಗುಂಡ್ಲುಪೇಟೆಗೆ ಅದೂ ಇಲ್ಲ. ಬಂದವನಾದರೂ ಮಾಡುವುದೇನು? ಅನೇಕ ವೇಳೆ ಇದ್ದದ್ದೆಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿ ಹೋಗುವನು. ಅದರೊಡನೆ ಹುಡುಗಿಯರ ಪ್ರಬಂಧಗಳೂ ಚಿತ್ರಗಳೂ ಹೋಗುವುವು. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗಾಗುತ್ತದೆ.

ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯದಲ್ಲಿ ಪಾವಲಿ ಕಳೆದುಕೊಂಡ ಸ್ತ್ರೀಯ ಸಾಮ್ಯವು ಎಲ್ಲರಿಗೂ ತಿಳಿದದ್ದೇ. ಆಕೆ ಮೊದಲು ದೀಪ ಹಚ್ಚಿದಳು, ಆಮೇಲೆ ಮನೆ ಗುಡಿಸಿದಳು, ಸಿಕ್ಕುವ ತನಕ ಜಾಗ್ರತೆಯಿಂದ ಹುಡುಕಿದಳು. ನೆರೆಹೊರೆಯವರನ್ನು ಆಕೆ ಕರೆದದ್ದು ಪಾವಲಿ ಸಿಕ್ಕಿದ ಮೇಲೆ, ಸಂತೋಷಪಡುವುದಕ್ಕೆ, ಹುಡುಕಿಕೊಡುವುದಕ್ಕಲ್ಲ. ಇದನ್ನು ನಾವು ತರಗತಿಯಲ್ಲಿ ಹೇಳಿದಾಗ ಹುಡುಗಿಯರು ನಕ್ಕರು. ಆದರೆ ಯಂತ್ರದ ದೋಷವನ್ನು ಹುಡುಕುವ ಕ್ರಮವೂ ಇದೇ ಆಗಿದೆ.

ಮೊದಲು ನೋಡತಕ್ಕದ್ದು ರೇಡಿಯೋ ಮುಚ್ಚಿದೆಯೋ ಎಂಬುದನ್ನು. ವಿಮಾನದ ಗುರುತುಳ್ಳ ಕೀಲಿಯನ್ನು ಯಾರಾದರೂ ಅರಿಯದೆ ಒತ್ತಿದ್ದರೆ ಸಾಕು, ವೈಫೈ ಮಾಯವಾಗುತ್ತದೆ. ಟರ್ಮಿನಲ್ ಎಂಬ ಕಿಟಕಿಯಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಬರೆದರೆ, ತಡೆಯು ತಂತ್ರಾಂಶದ್ದೋ ಸ್ವಿಚ್ಚಿನದ್ದೋ ಎಂದು ಯಂತ್ರವೇ ಹೇಳುತ್ತದೆ. ತಂತ್ರಾಂಶದ ತಡೆಯನ್ನು ಅಲ್ಲಿಯೇ ಇನ್ನೊಂದು ಅಪ್ಪಣೆಯಿಂದ ತೆಗೆಯಬಹುದು. ಸ್ವಿಚ್ಚಿನ ತಡೆಗೆ ಬೆರಳೇ ಬೇಕು. ತಡೆಯಿಲ್ಲವೆಂದು ತಿಳಿದ ಬಳಿಕ, ಒಳಗಿರುವ ವೈಫೈ ಕಾರ್ಡು ಯಂತ್ರದ ಕಣ್ಣಿಗೆ ಬಿದ್ದಿದೆಯೇ, ಅದನ್ನು ನಡೆಸುವ ಡ್ರೈವರ್ ಸಿಕ್ಕಿದೆಯೇ ಎಂದು ನೋಡಬೇಕು. 'ಎಲ್‌ಎಸ್‌ಪಿಸಿಐ' ಎಂಬ ಅಪ್ಪಣೆಯು ಇದಕ್ಕಾಗಿಯೇ ಇದೆ. ಕಾರ್ಡಿನ ಹೆಸರು ಕಂಡು ಡ್ರೈವರಿನ ಹೆಸರು ಕಾಣದಿದ್ದರೆ ದೋಷದ ಮನೆ ಸಿಕ್ಕಿದಂತೆಯೇ.

ಇಲ್ಲಿ ಮುಕ್ತ ತಂತ್ರಾಂಶದ ಕಡೆಯಿರುವ ಒಂದು ಕೊರತೆಯನ್ನು ಮರೆಮಾಚದೆ ಹೇಳತಕ್ಕದ್ದು. ಬ್ರಾಡ್‌ಕಾಮ್ ಮೊದಲಾದ ಕಂಪನಿಗಳ ಕಾರ್ಡುಗಳು ಫರ್ಮ್‌ವೇರ್ ಎಂಬ ಸಣ್ಣ ಕಡತವೊಂದಿಲ್ಲದೆ ಏಳುವುದಿಲ್ಲ. ಆ ಕಡತದ ಒಳಗನ್ನು ಕಂಪನಿಗಳು ಹೊರಗೆ ತೋರಿಸುವುದಿಲ್ಲ. ಬ್ರಾಡ್‌ಕಾಮ್ ಬಹುಕಾಲ ಸಹಾಯ ಮಾಡದಿದ್ದ ಕಾರಣ ಸ್ವಯಂಸೇವಕರು ಅದರ ಕಾರ್ಡಿನ ನಡೆಯನ್ನು ಹೊರಗಿನಿಂದಲೇ ಪರೀಕ್ಷಿಸಿ ಡ್ರೈವರ್ ಬರೆದರು. ಕಂಪನಿಯು ತನ್ನ ಮುಕ್ತ ಡ್ರೈವರನ್ನು ಹೊರಡಿಸಿದ್ದು ೨೦೧೦ರಲ್ಲಿ. ಡೆಬಿಯನ್ ಎಂಬ ಲಿನಕ್ಸ್ ಬಳಗದವರು ಇಂಥ ಕಡತಗಳನ್ನು ತಮ್ಮ ಸ್ಥಾಪನೆಯ ಡಿಸ್ಕಿನಲ್ಲಿ ಸೇರಿಸಬಹುದೇ ಎಂದು ೨೦೨೨ರಲ್ಲಿ ಮತ ತೆಗೆದುಕೊಂಡು, ೨೦೨೩ರ ಜೂನಿನಲ್ಲಿ ಬಂದ ೧೨ನೆಯ ಆವೃತ್ತಿಯಿಂದ ಸೇರಿಸಿದರು. ಹಾಗಿದ್ದರೂ ಕೆಲವು ಹಳೆಯ ಕಾರ್ಡುಗಳ ಕಡತವನ್ನು ಈಗಲೂ ಜಾಲದಿಂದಲೇ ತರಬೇಕು. ಜಾಲವಿಲ್ಲದೆ ಜಾಲದಿಂದ ತರುವುದು ಹೇಗೆ? ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಜಾಲವನ್ನು ಅರ್ಧ ಗಳಿಗೆ ಸಾಲ ತಂದರೆ ಆಯಿತು.

ಆದರೆ ಆ ಕಡತವು ಇಲ್ಲದಿರುವಾಗ ಲಿನಕ್ಸು ಸುಮ್ಮನಿರುವುದಿಲ್ಲವೆಂಬುದನ್ನು ಗಮನಿಸಬೇಕು. 'ಡಿಮೆಸೇಜ್' ಎಂಬ ಅದರ ದಿನಚರಿಯನ್ನು ತೆರೆದರೆ, ಯಾವ ಕಡತವನ್ನು ಹುಡುಕಿದೆನು, ಯಾವುದು ಸಿಕ್ಕಲಿಲ್ಲ ಎಂಬುದನ್ನು ಹೆಸರು ಹಿಡಿದು ಬರೆದಿಟ್ಟಿರುತ್ತದೆ. ಓದಬಲ್ಲವಳಿಗೆ ಓದುವ ಹಕ್ಕು ಅಲ್ಲಿ ಉಂಟು. ರಿಚರ್ಡ್ ಸ್ಟಾಲ್‌ಮನ್ನರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದುದಕ್ಕೂ ಇಂಥದೇ ಒಂದು ತೊಡಕು ಹಿನ್ನೆಲೆಯಾಗಿತ್ತು: ಪ್ರಯೋಗಶಾಲೆಯ ಮುದ್ರಣಯಂತ್ರದಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು, ಅದರ ತಂತ್ರಾಂಶದ ಮೂಲವನ್ನು ಅವರಿಗೆ ಕೊಡಲಿಲ್ಲ.

ಸಂಪರ್ಕವು ಆಗಿದೆಯೆಂದು ಯಂತ್ರ ಹೇಳುತ್ತಿದ್ದರೂ ಪುಟ ತೆರೆಯದಿರುವುದು ಇನ್ನೊಂದು ಬಗೆ. ಆಗ ರೌಟರಿನಿಂದ ವಿಳಾಸ ದೊರೆತಿದೆಯೇ, 'ಪಿಂಗ್' ಮಾಡಿದರೆ ಅಂಕಿಯ ವಿಳಾಸ ಉತ್ತರ ಕೊಟ್ಟು ಹೆಸರು ಮಾತ್ರ ಕೊಡದಿದೆಯೇ ಎಂದು ಬೇರ್ಪಡಿಸಬೇಕು. ಹೆಸರು ಮಾತ್ರ ಸೋತರೆ ದೋಷವು ಡಿಎನ್‌ಎಸ್‌ನದು. ದಾನವಾಗಿ ಬಂದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಮತ್ತೊಂದು ಮೋಸ ಉಂಟು. ಗಡಿಯಾರದ ಸಣ್ಣ ಬ್ಯಾಟರಿ ಸತ್ತು ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತವಾದ ತಾಣಗಳು ಅಂಥ ಯಂತ್ರವನ್ನು ಒಳಗೆ ಬಿಡುವುದಿಲ್ಲ. ಜನರು ವೈಫೈಯನ್ನು ಬಯ್ಯುವರು. ಎಂಟನೆಯ ತರಗತಿಯ ಹುಡುಗಿಯೂ ತಾರೀಖು ನೋಡಬಲ್ಲಳಷ್ಟೆ.

ಇಷ್ಟರಲ್ಲಿ ಕಷ್ಟವೇನಿದೆ? ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರವಿದೆ. ನೂಲು ಪದೇ ಪದೇ ತುಂಡಾದರೆ ತಾಯಿಯು ಸೂಜಿಯನ್ನು ನೋಡುವಳು, ನೂಲಿನ ಬಿಗಿಯನ್ನು ನೋಡುವಳು, ಬಾಬಿನ್ನನ್ನು ತೆಗೆದು ನೋಡುವಳು. ಯಂತ್ರವನ್ನು ಬಿಸಾಡುವುದಿಲ್ಲ, ಪೇಟೆಯವನಿಗೆ ಹೇಳಿಕಳುಹಿಸುವುದೂ ಇಲ್ಲ. ತಾಯಿಯ ಆ ವಿವೇಕವನ್ನು ಮಗಳು ಲ್ಯಾಪ್‌ಟಾಪಿನ ಮುಂದೆ ತೋರಿಸಬಾರದೆಂದರೆ ಅದು ನ್ಯಾಯವಲ್ಲ.

ಗುಪ್ತಪದವನ್ನು ಮಕ್ಕಳ ಕೈಗೆ ಕೊಟ್ಟರೆ ಅನಾಹುತವಾದೀತೆಂದು ಕೆಲವು ಪೋಷಕರು ಶಂಕಿಸುತ್ತಾರೆ. ಶಂಕೆಯು ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ಲಿನಕ್ಸಿನಲ್ಲಿ ಎಲ್ಲ ಅಧಿಕಾರವನ್ನೂ ಒಟ್ಟಿಗೆ ಒಪ್ಪಿಸಬೇಕಾದ ಅಗತ್ಯವಿಲ್ಲ. 'ಸೂಡೋ' ಎಂಬ ಏರ್ಪಾಡಿನಿಂದ ಇಂಥ ಹುಡುಗಿಗೆ ಇಂಥ ಅಪ್ಪಣೆಗಳು ಮಾತ್ರ ಎಂದು ಗೊತ್ತುಮಾಡಬಹುದು; ಯಾರು ಯಾವ ಹೊತ್ತಿನಲ್ಲಿ ಏನು ಅಪ್ಪಣೆ ಕೊಟ್ಟರೆಂಬುದೂ ದಾಖಲೆಯಲ್ಲಿ ಬೀಳುತ್ತದೆ. ಉಗ್ರಾಣದ ಬೀಗದ ಕೈಯನ್ನು ಕೊಡುವಾಗ ಇಷ್ಟು ಭದ್ರತೆ ಇರುವುದಿಲ್ಲ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಸುಲ್ತಾನ್ ಬತ್ತೇರಿಗೆ ಹೋದರೆ ಅಲ್ಲಿನ ಸರಕಾರಿ ಶಾಲೆಗಳಲ್ಲಿ ಗ್ನೂ ಲಿನಕ್ಸೇ ನಡೆಯುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಿದ್ದಾರೆ. ೨೦೧೮ರಲ್ಲಿ ಕೇರಳದವರು 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿಸಂಘಗಳನ್ನು ಪ್ರೌಢಶಾಲೆಗಳಲ್ಲಿ ಆರಂಭಿಸಿದರು. ಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವುದರಲ್ಲಿ ನೆರವಾಗುವುದೂ ಆ ಮಕ್ಕಳ ಕೆಲಸಗಳಲ್ಲೊಂದು. ಕಾಡಿನ ಆಚೆಯ ಹುಡುಗಿಗೆ ಸಾಧ್ಯವಾದದ್ದು ಈಚೆಯ ಹುಡುಗಿಗೆ ಏಕೆ ಸಾಧ್ಯವಾಗದೆಂದು ನಮಗೆ ಯಾರೂ ಇದುವರೆಗೆ ವಿವರಿಸಿಲ್ಲ.

ಆದಕಾರಣ ಬರುವ ಜೂನ್ ತಿಂಗಳಿನಿಂದ ಒಂಬತ್ತನೆಯ ತರಗತಿಯ ಇಬ್ಬರು ಬಾಲಿಕೆಯರನ್ನು ವಾರಕ್ಕೊಂದು ಜೊತೆಯಂತೆ ಯಂತ್ರಪಾಲಕಿಯರನ್ನಾಗಿ ನೇಮಿಸಬೇಕೆಂದಿದ್ದೇವೆ. ಕಂಡ ದೋಷ, ನೋಡಿದ ಕ್ರಮ, ದೊರೆತ ಉತ್ತರ ಇವನ್ನು ಅವರು ಕನ್ನಡದಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಅವರಿಗೆ ಬಗೆಹರಿಯದಿದ್ದರೆ ಮಾತ್ರ ಹೊರಗಿನವರಿಗೆ ಹೇಳಿಕಳುಹಿಸುವೆವು. ಬಂದವರು ಯಾವುದನ್ನಾದರೂ ಅಳಿಸುವ ಮೊದಲು ಆ ಪುಸ್ತಕವನ್ನು ಓದಬೇಕಾಗುವುದು. ಈ ಏರ್ಪಾಡಿನಲ್ಲಿ ಆಕ್ಷೇಪಣೆಯುಳ್ಳ ಪೋಷಕರು ಶಾಲೆಯು ಆರಂಭವಾಗುವ ಮುಂಚೆ ನಮ್ಮನ್ನು ಕಂಡು ಮಾತನಾಡಬೇಕಾಗಿ ಕೋರುತ್ತೇವೆ.