ಮೊದಲು ಗಾಳಿ, ಆಮೇಲೆ ಕೋಡ್

2005ರ ನವೆಂಬರ್ 26ರಂದು ವಿಜಯಪತ್ ಸಿಂಘಾನಿಯಾ ಮುಂಬೈಯಿಂದ ಬಿಸಿಗಾಳಿ ಬಲೂನಿನಲ್ಲಿ ಸುಮಾರು 21 ಕಿ.ಮೀ. ಮೇಲೇರಿ ವಿಶ್ವದಾಖಲೆ ಮಾಡಿದ್ರು. ಆಗ ವಯಸ್ಸು 67! ಬಲೂನಿಗೆ ಸ್ಟೀರಿಂಗ್ ಇಲ್ಲ. ಬರ್ನರ್ ಉರಿಸಿದ್ರೆ ಮೇಲೆ, ಬಿಸಿಗಾಳಿ ಹೊರಗೆ ಬಿಟ್ರೆ ಕೆಳಗೆ. ಪಕ್ಕಕ್ಕೆ ಹೋಗ್ಬೇಕಾ? ಆ ಕಡೆ ಬೀಸೋ ಗಾಳಿಯ ಪದರ ಯಾವ ಎತ್ತರದಲ್ಲಿದೆ ಅಂತ ಹುಡುಕಬೇಕು.

ನಾವು ಡ್ರೋನ್‌ನವರು ಜಿಪಿಎಸ್ ಲಾಕ್ ಆದ್ರೆ ಸಾಕು ಅಂತೀವಿ. ಗಾಳಿ ಜೊತೆ ಆರಾಮಾಗಿ ಹೋಗೋ ಡ್ರೋನ್, ವಾಪಸ್ ಬರುವಾಗ ಅದೇ ಗಾಳಿಗೆ ಎದುರಾಗಿ ಬ್ಯಾಟರಿ ಖಾಲಿ ಮಾಡ್ಕೊಳ್ಳುತ್ತೆ. ಬಿದ್ರೆ ಕ್ಯಾಂಟೀನ್ ಮುಂದೆ ನಿಂತವರ ತಲೆ ಮೇಲೆ. ಹಾಗಾಗಿ ವರ್ಕ್‌ಶಾಪಿನ ಮೊದಲ ದಿನವೇ ಪಿಐಡಿ ಟ್ಯೂನಿಂಗ್ ಬೇಡ. ಬಲೂನಿಸ್ಟ್‌ಗಳು ಹಾರೋ ಮುಂಚೆ ಮಾಡೋ ಹಾಗೆ ಒಂದು ಪುಟ್ಟ ಹೀಲಿಯಂ ಬಲೂನು ಬಿಟ್ಟು, ಅದು ಎಲ್ಲೆಲ್ಲಿ ತಿರುಗುತ್ತೆ ಅಂತ ನೋಡೋಣ.