ಭಜನೆಗೆ ಕದ್ದ ಪ್ಲಗಿನ್ ಯಾಕೆ ಸ್ವಾಮಿ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ... ಎಲ್ಲಿ ಹೋದರೂ ನಮ್ಮವರ ಒಂದು ಭಜನಾ ಮಂಡಳಿ, ಒಂದು ಯಕ್ಷಗಾನದ ಗುಂಪು ಇದ್ದೇ ಇರುತ್ತೆ. ಈಗ ಮನೆಯಲ್ಲೇ ರೆಕಾರ್ಡ್ ಮಾಡುವ ಹುಮ್ಮಸ್ಸೂ ಬಂದಿದೆ. ಸಂತೋಷ. ಆದರೆ ಮೊದಲ ಕೆಲಸ ಏನು ಗೊತ್ತಾ? ಯಾರದೋ ಪೆನ್ ಡ್ರೈವಿನಿಂದ ಸಾವಿರಾರು ರೂಪಾಯಿಯ ಪ್ಲಗಿನ್‌ಗಳ 'ಕ್ರ್ಯಾಕ್' ತಂದು ತುಂಬಿಕೊಳ್ಳುವುದು! ದೇವರ ನಾಮಕ್ಕೆ ಕದ್ದ ಮಾಲು!

ಪ್ಲಗಿನ್ ಅಂದರೆ ಏನು ಮಹಾ? ರೆಕಾರ್ಡಿಂಗ್ ತಂತ್ರಾಂಶದೊಳಗೆ ಕೂತು ದನಿ ತಿದ್ದುವ ಪುಟ್ಟ ತಂತ್ರಾಂಶ, ಅಷ್ಟೇ. ಲಿನಕ್ಸ್‌ಗೆ 2000ದಲ್ಲೇ 'ಲ್ಯಾಡ್‌ಸ್ಪಾ' ಪದ್ಧತಿಯ ಪ್ಲಗಿನ್‌ಗಳು ಬಂದವು. ಅದರ ಮುಂದಿನ ರೂಪ 'ಎಲ್‌ವಿ2'. ಕಾಫ್, ಎಲ್‌ಎಸ್‌ಪಿ ಮುಂತಾದ ಕಟ್ಟುಗಳು ಪುಕ್ಕಟೆ, ಕಾನೂನುಬದ್ಧ.

'ಲಿನಕ್ಸ್ ಕಷ್ಟ ಮಾರಾಯ್ರೆ' ಅಂತೀರಾ? ಒಂದು ಕಾಲಕ್ಕೆ ನಿಜ. 'ಜ್ಯಾಕ್' ಹೊಂದಿಸುವಷ್ಟರಲ್ಲಿ ಹಾಡುವವರು ಎದ್ದು ಹೋಗಬೇಕಿತ್ತು. 2023ರಲ್ಲಿ ಪೈಪ್‌ವೈರ್ 1.0 ಬಂತು. ಈಗಿನ ಉಬುಂಟು ಸ್ಟುಡಿಯೋ ಹಾಕಿಕೊಂಡರೆ ಅದೂ, ಆರ್ಡರ್ ಎಂಬ ರೆಕಾರ್ಡಿಂಗ್ ತಂತ್ರಾಂಶವೂ, ಪ್ಲಗಿನ್‌ಗಳೂ ಜೊತೆಗೇ ಬರುತ್ತವೆ.

ಶುರುವಿಗೆ ಮೂರೇ ಸಾಕು. ಈಕ್ವಲೈಜರ್‌ನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಲೋಕಲ್ ಟ್ರೈನಿನ ಗುಡುಗುಡು ತಗ್ಗುತ್ತೆ. (ಹಾಡುವವರ ಟ್ರ್ಯಾಕಿಗೆ ಮಾತ್ರ, ಮದ್ದಳೆಗೆ ಬೇಡ!) ದನಿಯ ಏರಿಳಿತ ಹದ ಮಾಡಲು ಕಂಪ್ರೆಸರ್. ಒಗ್ಗರಣೆಗೆ ಇಂಗಿನಷ್ಟು ರಿವರ್ಬ್.

ಕೆಲವು ವಿಂಡೋಸ್ ಪ್ಲಗಿನ್‌ಗಳು ಇಲ್ಲಿ ಓಡುವುದಿಲ್ಲ, ಒಪ್ಪಿದೆ. ಅದೇ ಬೇಕು ಅನ್ನುವವರು ದುಡ್ಡು ಕೊಟ್ಟು ಕೊಳ್ಳಲಿ. ಪಾಪ, ಅದನ್ನು ಬರೆದವರೂ ಹೊಟ್ಟೆಪಾಡಿನವರೇ.

ಕಳ್ಳತನಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇದೆ. ಬರಹ, ನುಡಿ ಕಾಲದ ಹಳೆಯ ಕಡತಗಳು ನೆನಪಿವೆಯಾ? ಆ ಫಾಂಟ್ ಇಲ್ಲದಿದ್ದರೆ ಕನ್ನಡವೆಲ್ಲ ಬರೀ ಗೀಚು! ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡವಿದ್ದರೂ ಅದು ನಮ್ಮ ಗಣಕಗಳಿಗೆ ಇಳಿಯಲು ವರ್ಷಗಳೇ ಬೇಕಾದವು. ಕ್ರ್ಯಾಕ್ ಹಾಕಿ ಮಾಡಿದ ರೆಕಾರ್ಡಿಂಗ್ ಪ್ರಾಜೆಕ್ಟಿನ ಗತಿಯೂ ಅದೇ. ಗಣಕ ಬದಲಾದ ದಿನ ಪ್ಲಗಿನ್ ಮಾಯ, ತಿದ್ದಿದ್ದೂ ಮಾಯ. ಮುಕ್ತ ಪ್ಲಗಿನ್ ಆದರೆ ಮತ್ತೆ ಇಳಿಸಿಕೊಳ್ಳಬಹುದು, ಆಕರವೇ ಬಯಲಲ್ಲಿದೆ.

ಊರಿಂದ ಸೋಬಾನೆ ಪದ ಹೊತ್ತು ತಂದ ನಮ್ಮ ಅಜ್ಜಿಯರು ಇನ್ನೆಷ್ಟು ವರ್ಷ ಹಾಡಿಯಾರು? ಅವರ ದನಿಯನ್ನು ಯಾವುದೋ ಕದ್ದ ಬೀಗದೊಳಗಿಟ್ಟು ಕೀಲಿ ಕಳೆಯಬೇಡಿ. ತಿದ್ದುವ ಮೊದಲು ಮೂಲ ದನಿಯನ್ನು ವೇವ್ ಕಡತವಾಗಿ ಎರಡು ಕಡೆ ಉಳಿಸಿಡಿ. ಪ್ಲಗಿನ್ನಿನ ಮಾತು ಆಮೇಲೆ. ಏನಂತೀರಿ?